ಅಲ್ಲಾಡಿದರೆ ಕಲ್ಲು

ನಮ್ಮ ದೊಡ್ಡವ್ವನ ಹೆಸರು ಸಣ್ಣತಾಯಮ್ಮ.
ಮೊರದ ಮುಂದೆ ಕೂತರೆ ಅವಳದು ಒಂದೇ ಸೂತ್ರ:
ಅಲ್ಲಾಡುದ್ರೆ ಹುಳ, ಅಲ್ಲಾಡ್ದೆ ಇದ್ರೆ ಕಲ್ಲು.
ಎರಡನ್ನೂ ಉಗುರಲ್ಲಿ ಎತ್ತಿ ಜಗಲಿಯಾಚೆ ಚಿಮ್ಮುತ್ತಾಳೆ,
ಕೋಳಿಗೊಂದು, ಬೀದಿಗೊಂದು.

ನನಗೆ ಪಾಂಡವಪುರದ ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಕೆಲಸ.
ರಾತ್ರಿ ಹತ್ತರ ಮೇಲೆ ಆಕಾಶ ಆರಿಸುತ್ತೇನೆ.
ನನ್ನದು ಅಂತ ಟೆಲಿಸ್ಕೋಪಿಲ್ಲ.
ಎಲ್ಲೋ ಸಮುದ್ರದ ನಡುವಿನ ಬೆಟ್ಟದ ಮೇಲೆ
ಯಾರದೋ ದೊಡ್ಡ ಕನ್ನಡಿ
ಕತ್ತಲ ಒಂದೇ ಚೂರನ್ನು ನಾಲ್ಕು ಸಲ ಹಿಡಿಯುತ್ತದೆ,
ಒಂದಕ್ಕೂ ಇನ್ನೊಂದಕ್ಕೂ ಕಾಲು ಗಂಟೆ ಬಿಟ್ಟು.
ಆ ನಾಲ್ಕು ಪಟ ನನ್ನ ಹಳೇ ಲ್ಯಾಪ್‌ಟಾಪಿಗೆ ಇಳಿಯುವಷ್ಟರಲ್ಲಿ
ಒಂದು ಲಾರಿ ಭತ್ತ ಇಳಿದು ಮುಗಿದಿರುತ್ತದೆ.

ಮಾಡುವುದು ಇಷ್ಟೇ:
ನಾಲ್ಕನ್ನೂ ಒಂದರ ಮೇಲೊಂದು ಇಟ್ಟು
ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು,
ರೆಪ್ಪೆ ಬಡಿದ ಹಾಗೆ ಬದಲಿಸುತ್ತ ನೋಡುವುದು.
ನಕ್ಷತ್ರಗಳು ಕುಂತಿಬೆಟ್ಟದ ಬಂಡೆಗಳ ಹಾಗೆ
ಕೂತಲ್ಲೇ ಕೂತಿರುತ್ತವೆ.
ಅವುಗಳ ನಡುವೆ ಒಂದು ಬೂದಿಯ ಕಣ
ಹೆಜ್ಜೆ, ಹೆಜ್ಜೆ, ಹೆಜ್ಜೆ,
ಗೆರೆ ತಪ್ಪದೆ ನಡೆದರೆ
ಅದು ಕಲ್ಲು.

ದೊಡ್ಡವ್ವನ ಶಾಸ್ತ್ರ ಇಲ್ಲಿ ತಲೆಕೆಳಗು.

ಪುಸ್ತಕದಲ್ಲಿ ಇದಕ್ಕೆ ಕ್ಷುದ್ರಗ್ರಹ ಅಂತಾರೆ.
ಯಾರು ಇಟ್ಟರೋ ಹೆಸರು.
ಗಿರಣಿಯಲ್ಲಿ ನುಚ್ಚಕ್ಕಿಯನ್ನೂ ನಾವು ಹಾಗೆ ಕರೆಯುವುದಿಲ್ಲ,
ನುಚ್ಚು ಅಂದರೆ ನುಚ್ಚು, ಅದಕ್ಕೂ ಒಂದು ರೇಟಿದೆ.

ನಮ್ಮ ತಂಡದಲ್ಲಿ ಮೂರೇ ಜನ.
ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ನಸೀಮಾಳದು ನಿಜವಾದ ಕಣ್ಣು,
ಹಗಲೆಲ್ಲ ಗಾಜಿನ ಮೇಲೆ ರಕ್ತದ ಕಣ ಎಣಿಸಿ ಪಳಗಿದ್ದು.
ಇದು ಕ್ಯಾಮೆರಾದ ಕೊಳೆ, ಅನ್ನುತ್ತಾಳೆ.
ಇದು ಉಪಗ್ರಹ, ಗೀರಿಕೊಂಡು ಹೋಗಿದೆ ನೋಡು.
ಇದಕ್ಕೆ ಆಗಲೇ ಹೆಸರಿದೆ, ನಂಬರಿದೆ, ಬಿಡು.
ಇದು ಮೂರರಲ್ಲಿದೆ, ನಾಲ್ಕನೆಯದರಲ್ಲಿಲ್ಲ.
ಆಸೆ ಪಡಬೇಡ.
ಇನ್ನೊಬ್ಬ ಲೈನ್‌ಮನ್ ಗವಿರಂಗ.
ಅವನಿಗೆ ಚುಕ್ಕಿ ಕಾಣುವುದೇ ಇಲ್ಲ, ನಮಗೆ ಕರೆಂಟು ಕಾಣಿಸುತ್ತಾನೆ.

ಸಂಕ್ರಾಂತಿಗೆ ಮುಂಚಿನ ಅಮಾವಾಸ್ಯೆ. ಹದಿನೇಳನೆಯ ಕಂತು.
ಸಕ್ಕರೆ ಕಾರ್ಖಾನೆಯ ಹೊಗೆ ಕಿಟಕಿಗೆ ಬಂದು ನಿಂತಿತ್ತು.
ಪಟದ ಎಡ ಮೂಲೆಯಲ್ಲಿ, ಇದೆಯೋ ಇಲ್ಲವೋ ಅನ್ನುವ ಹಾಗೆ,
ಒಂದು ನಡೆಯಿತು.
ನಸೀಮಾಗೆ ಫೋನು. ಬಹಳ ಹೊತ್ತು ಮಾತಿಲ್ಲ.
ಆಮೇಲೆ, ಅಳತೆ ತಗೋ, ಅಂದಳು.
ಕರೆಂಟು ಹೋಯಿತು.
ಬ್ಯಾಟರಿ ಏಳು ನಿಮಿಷ ಅಂದಿತು.
ಗವಿರಂಗ ಯಾವ ಕಂಬದ ಬುಡದಲ್ಲಿ ಯಾರನ್ನು ಬೈದನೋ,
ಆರನೆಯ ನಿಮಿಷಕ್ಕೆ ಫ್ಯಾನು ತಿರುಗಿತು.
ನಾಲ್ಕು ಸಾಲು ಅಂಕಿ: ಎಲ್ಲಿ, ಯಾವಾಗ, ಎಷ್ಟು ಮಂಕು.
ಕಳಿಸಿದೆವು.

ಮೂರು ದಿನ ಬಿಟ್ಟು ಉತ್ತರ:
ಒಂದು ರಾತ್ರಿ ಸಾಲದು.
ಇನ್ನೊಂದು ರಾತ್ರಿ ಯಾರಾದರೂ ಇದನ್ನು ನೋಡಬೇಕು.
ಆ ದ್ವೀಪದ ಮೇಲೆ ಮೋಡ.
ಬೇರೆಯವರು ಬೇರೆ ಕಡೆ ನೋಡುತ್ತಿದ್ದರು.
ಆಮೇಲೆ ಚಂದ್ರ ಬೆಳೆಯುತ್ತ ಬಂದ,
ಹಾಲು ಚೆಲ್ಲಿದ ನೆಲದ ಮೇಲೆ ಹಿಟ್ಟು ಹುಡುಕಿದ ಹಾಗಾಯಿತು.

ಈಗಲೂ ಅದು ಎಲ್ಲೋ ಹೋಗುತ್ತಿದೆ,
ನಾವು ಮೂವರು ನೋಡಿದೆವು ಅನ್ನುವುದು ಗೊತ್ತಿಲ್ಲದೆ,
ಮುಕ್ಕಾಲು ಗಂಟೆಯ ಪರಿಚಯ.

ಸಿಕ್ತೇನ್ಲಾ ಚಲುವ, ನಿನ್ ಕಲ್ಲು?
ದೊಡ್ಡವ್ವ ಮೊರ ಕೊಡವುತ್ತಿದ್ದಳು.
ಸಿಕ್ಕಿತ್ತು, ಕಳೆದುಹೋಯ್ತು ಅಂದೆ.
ಎಷ್ಟು ದೊಡ್ದು?
ಗೊತ್ತಿಲ್ಲ. ನಮ್ಮ ಗಿರಣಿಯಷ್ಟಿರಬಹುದು. ಬೆಟ್ಟದಷ್ಟೂ.
ಒಂದು ಹಿಡಿ ಅಕ್ಕಿ ಬೆಳಕಿಗೆ ಎತ್ತಿ, ಮತ್ತೆ ಮೊರಕ್ಕೆ ಬಿಟ್ಟಳು.
ಹೋಗ್ಲಿ ಬುಡು.
ಕಣ್ಗೆ ತಪ್ಪುದ್ದು ಹಲ್ಗೆ ಸಿಕ್ದಿದ್ರೆ ಸಾಕು.

ಆ ರಾತ್ರಿ ನಿಧಾನವಾಗಿ ಅಗಿದು ಉಂಡೆ.